ಬೆಚ್ಚಗಿನ ಕೋರಸ್ ಹುಡುಕಿದ ಶನಿವಾರ

ಕಳೆದ ಗಣೇಶ ಹಬ್ಬದ ಕಾರ್ಯಕ್ರಮ ಮುಗಿಸಿ ವೇದಿಕೆಯಿಂದ ಇಳಿಯುತ್ತಿದ್ದೆ. ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡುವ ಅಕ್ಕ ಪಕ್ಕಕ್ಕೆ ಕರೆದು, "ನಿನ್ನ ಗಿಟಾರ್ ಜೊತೆ ಶ್ರುತಿ ಹಿಡಿಯೋಕೇ ಆಗ್ಲಿಲ್ಲ ಕಣೋ, ಏನೋ ಅಲ್ಲಾಡ್ತಾನೇ ಇರುತ್ತೆ" ಅಂದರು. ನನಗೆ ತಕ್ಷಣ ಗೊತ್ತಾಯಿತು, ಕಾರಣ ನನ್ನ ಕೋರಸ್ ಪೆಡಲ್, ಅಂದರೆ ಗಿಟಾರಿನ ಸದ್ದಿಗೆ ಅಲೆಯುವ ಇನ್ನೊಂದು ಸದ್ದು ಬೆರೆಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ. ಹಿಂದಿನ ವರ್ಷ ಬೆಲೆ ನೋಡಿ ಆನ್‌ಲೈನ್‌ನಲ್ಲಿ ತರಿಸಿಕೊಂಡಿದ್ದು. ಸ್ವರ ಎಷ್ಟು ಅಲೆಯಬೇಕು ಅಂತ ತಿರುಗಿಸಿ ಹೊಂದಿಸುವ ಡೆಪ್ತ್ ನಾಬನ್ನು ಪೂರ್ತಿ ಇಳಿಸಿದರೂ ಸ್ವರ ತೂರಾಡುತ್ತಿತ್ತು, ಮೇಲಿನ ತಂತಿಗಳನ್ನು ಮೀಟಿದರೆ ಸ್ಟೀಲ್ ತಟ್ಟೆ ಮೇಲೆ ಚಮಚ ಎಳೆದಂಥ ಸದ್ದು.

ನಾವು ಹಳೆಯ ನಿಧಾನದ ಹಾಡುಗಳನ್ನು ಜಾಸ್ತಿ ನುಡಿಸುತ್ತೇವೆ. ಎಷ್ಟೋ ಹಾಡುಗಳಲ್ಲಿ ಗಿಟಾರ್ ಒಂದೇ ಕಾರ್ಡ್, ಅಂದರೆ ಒಟ್ಟಿಗೆ ಹೊಂದುವ ಕೆಲವು ಸ್ವರಗಳ ಗುಂಪನ್ನು, ಬಿಡಿಸಿ ಮೀಟುತ್ತದೆ, ಅದನ್ನೇ ನಂಬಿ ಅಕ್ಕ ಪಲ್ಲವಿ ಎತ್ತಿಕೊಳ್ಳಬೇಕು. ಅಲ್ಲಿ ಸ್ವರ ಅಲ್ಲಾಡಿದರೆ ಹಾಡುವವರು ಏನು ಮಾಡಬೇಕು ಹೇಳಿ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೂರು ಕಾರ್ಯಕ್ರಮದ ದುಡ್ಡು ಎತ್ತಿಟ್ಟು, ಒಂದು ಶನಿವಾರ ಮೈಸೂರಿನಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟೆ. ಬೆನ್ನ ಮೇಲೆ ನನ್ನದೇ ಗಿಟಾರ್, ಚೀಲದಲ್ಲಿ ನನ್ನದೇ ಕೇಬಲ್.

ಹಾಗೆ ಎರಡನ್ನೂ ಹೊತ್ತುಕೊಂಡು ಹೋಗು ಅಂದಿದ್ದು ನನಗೆ ಗಿಟಾರ್ ಕಲಿಸಿದ ಅಣ್ಣ. "ಅಂಗಡಿ ಗಿಟಾರಲ್ಲಿ ಎಲ್ಲಾನೂ ಚೆನ್ನಾಗೇ ಕೇಳ್ಸುತ್ತೆ ಮಗಾ, ಮನೆಗೆ ಬಂದ್ಮೇಲೆ ಅಳ್ತೀಯ" ಅಂದಿದ್ದರು. ಅವರ ಹತ್ತಿರ ಬಾಸ್ ಕಂಪನಿಯ ಹಳೆಯ ಕೋರಸ್ ಪೆಡಲ್ ಸಿಇ-2 ಇದೆ. ಬರೀ ಎರಡು ನಾಬ್, ಅಲೆಯ ವೇಗಕ್ಕೆ ರೇಟ್, ಆಳಕ್ಕೆ ಡೆಪ್ತ್, ನೀಲಿ ಬಣ್ಣ ಅಲ್ಲಲ್ಲಿ ಉದುರಿದೆ. ನಾನು ಹತ್ತನೇ ಕ್ಲಾಸಲ್ಲಿದ್ದಾಗ ಅವರು ಅದನ್ನು ಒತ್ತಿ ಒಂದು ಕಾರ್ಡ್ ಮೀಟಿದ್ದು ಇವತ್ತಿಗೂ ಕಿವಿಯಲ್ಲಿದೆ. ಚಳಿಗಾಲದ ಬೆಳಿಗ್ಗೆ ಕಂಬಳಿ ಹೊದಿಸಿದ ಹಾಗೆ. ಗಿಟಾರ್ ಹುಡುಗರೆಲ್ಲ 'ವಾರ್ಮ್ ಟೋನ್' ಅಂತಾರಲ್ಲ, ನನಗೆ ಅದರ ಅರ್ಥ ಅವತ್ತೇ ಆಗಿಹೋಗಿತ್ತು. ಆ ಪೆಡಲ್ ಬಂದಿದ್ದು 1979ರಲ್ಲಿ. ಅದಕ್ಕೂ ಮೊದಲು, 1975ರಲ್ಲಿ, ಬಾಸ್‌ನ ಮೂಲ ಕಂಪನಿ ರೋಲ್ಯಾಂಡ್‌ನವರು ಜೆಸಿ-120 ಅನ್ನೋ ಆಂಪ್ಲಿಫೈಯರ್ ಮಾಡಿದ್ದರು. ಅದರಲ್ಲಿ ಎರಡು ಸ್ಪೀಕರ್. ಒಂದರಿಂದ ಗಿಟಾರಿನ ನೇರ ಸದ್ದು, ಇನ್ನೊಂದರಿಂದ ಸ್ವಲ್ಪ ತಡವಾಗಿ ಅಲೆಯುವ ಸದ್ದು, ಎರಡೂ ಕೋಣೆಯ ಗಾಳಿಯಲ್ಲೇ ಬೆರೆಯುತ್ತವೆ. ಮರುವರ್ಷ ಅದೇ ಕೋರಸ್ಸನ್ನು ಸಿಇ-1 ಅನ್ನೋ ಪೆಟ್ಟಿಗೆಗೆ ಇಳಿಸಿ ಬಾಸ್ ಹೆಸರಲ್ಲಿ ತಂದರು.

ಕೋರಸ್ ಅಂದರೆ ಏನು ಅಂತ ಕೇಳಿದವರಿಗೆ ನಾನು ನಮ್ಮ ಬೀದಿಯ ರಾಮಮಂದಿರದ ಭಜನೆ ನೆನಪಿಸುತ್ತೇನೆ. ಹತ್ತು ಜನ ಒಂದೇ ಸಾಲು ಹಾಡುತ್ತಾರೆ. ಒಬ್ಬರು ಕೂದಲೆಳೆ ಮುಂದೆ, ಒಬ್ಬರು ಹಿಂದೆ, ಒಬ್ಬರ ಸ್ವರ ಚೂರು ಮೇಲೆ. ಆ ಸಣ್ಣ ಹೆಚ್ಚುಕಡಿಮೆಯಿಂದಲೇ ದನಿ ತುಂಬಿಕೊಳ್ಳುತ್ತದೆ. ತಂಬೂರಿಯ ನಡುವಿನ ಎರಡು ತಂತಿ ಒಂದೇ ಷಡ್ಜಕ್ಕೆ ಇದ್ದರೂ ಎಳೆಯಷ್ಟು ವ್ಯತ್ಯಾಸ ಉಳಿದಾಗ ಒಂದು ತೇಲಾಟ ಬರುತ್ತದಲ್ಲ, ಅದೂ ಇದೇ ಜಾತಿ. ಅದೇ ಭಜನೆಯಲ್ಲಿ ಯಾರಾದರೂ ಪೂರ್ತಿ ಶ್ರುತಿ ಬಿಟ್ಟರೆ ಎಲ್ಲರೂ ತಿರುಗಿ ನೋಡುತ್ತಾರೆ. ನನ್ನ ಹಳೆ ಪೆಡಲ್ ಮಾಡುತ್ತಿದ್ದುದು ಅದನ್ನೇ.

ಅಂಗಡಿಯ ಹುಡುಗ ಒಳ್ಳೆಯವನು. "ಸರ್, ಆರಾಮಾಗಿ ನೋಡಿ, ಅರ್ಜೆಂಟ್ ಇಲ್ಲ" ಅಂತ ಮೂರು ಪೆಡಲ್ ತಂದಿಟ್ಟ. ಬಾಸ್ ಸಿಎಚ್-1, ಎಲೆಕ್ಟ್ರೋ-ಹಾರ್ಮೋನಿಕ್ಸ್ ಸ್ಮಾಲ್ ಕ್ಲೋನ್, ಎಂಎಕ್ಸ್‌ಆರ್ ಅನಲಾಗ್ ಕೋರಸ್. 2016ರಲ್ಲಿ ಸಿಇ-2 ಅನ್ನೇ ಬಾಸ್‌ನವರು ಸಿಇ-2ಡಬ್ಲ್ಯೂ ಅಂತ ಮತ್ತೆ ತಂದಿದ್ದಾರೆ, ಆದರೆ ಅದು ನನ್ನ ದುಡ್ಡಿಗೆ ಎಟುಕುವಂತಿರಲಿಲ್ಲ, ಕೇಳಲೂ ಇಲ್ಲ. ಮೊದಲು ನಾನು ಮಾಡಿದ ಕೆಲಸ ಆಂಪ್‌ನ ರಿವರ್ಬ್ (ದೊಡ್ಡ ಹಾಲಿನ ಮಾರ್ದನಿಯಂಥ ಸದ್ದು) ನಾಬನ್ನು ಸೊನ್ನೆಗೆ ತಂದಿದ್ದು. ಅದು ಅರ್ಧದಲ್ಲಿತ್ತು. ರಿವರ್ಬ್ ಇದ್ದರೆ ಯಾವ ಕೋರಸ್ಸೂ ಸಿಹಿಯಾಗೇ ಕೇಳಿಸುತ್ತದೆ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಸಿಎಚ್-1 ತುಂಬ ಸ್ವಚ್ಛ. ಗಾಜಿನ ಬಳೆ ಥರ ಮಿನುಗುತ್ತದೆ. ಹಂಬಕರ್ ಪಿಕಪ್ (ತಂತಿಯ ಕಂಪನ ಹಿಡಿಯುವ ಎರಡು ಸುರುಳಿಯ ಭಾಗ) ಇರುವ ಗಿಟಾರಿಗೆ ಚೆನ್ನಾಗಿ ಒಪ್ಪುತ್ತೆ, ನನ್ನ ಗೆಳೆಯನೊಬ್ಬ ಅದನ್ನೇ ವರ್ಷಗಳಿಂದ ಇಟ್ಟುಕೊಂಡಿದ್ದಾನೆ. ನನ್ನದು ಒಂದೇ ಸುರುಳಿಯ ಸಿಂಗಲ್ ಕಾಯಿಲ್, ಮೊದಲೇ ಚೂಪು. ಚೂಪನ್ನು ಹೆಚ್ಚುಕಡಿಮೆ ಮಾಡುವ ಇಕ್ಯೂ ನಾಬ್ ಇಳಿಸಿದರೂ ನನಗೆ ಬೇಕಾದ ಕಂಬಳಿ ಸಿಗಲಿಲ್ಲ.

ಸ್ಮಾಲ್ ಕ್ಲೋನ್ ಒತ್ತಿದಾಗ ಮಾತ್ರ ಮೈ ಜುಮ್ ಅಂದಿತು. ನಿರ್ವಾಣ ಅನ್ನೋ ರಾಕ್ ತಂಡದ ಕರ್ಟ್ ಕೋಬೇನ್ ಬಳಸಿದ್ದು ಇದನ್ನೇ. ಒಂದು ನಾಬ್, ಒಂದು ಸ್ವಿಚ್, ಅಷ್ಟೇ. ಸದ್ದು ದಪ್ಪ, ಕತ್ತಲೆ ಕತ್ತಲೆ, ಒಳಗೆ ಎಳೆದುಕೊಳ್ಳುತ್ತದೆ. ಒಬ್ಬನೇ ಕೂತು ನುಡಿಸುವುದಾದರೆ ಕಣ್ಣು ಮುಚ್ಚಿ ತಗೊಳ್ಳುತ್ತಿದ್ದೆ. ಆದರೆ ಡೆಪ್ತ್‌ಗೆ ಎರಡೇ ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿಟ್ಟು ಕಾರ್ಡ್ ಮೀಟಿ, ಅಕ್ಕ ಹಾಡುವ ಪಲ್ಲವಿಯನ್ನೇ ಮೆಲ್ಲಗೆ ಹಾಡಿ ನೋಡಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ನನ್ನ ಸ್ವರ ಪೆಡಲ್ ಹಿಂದೆ ಹೋಗುತ್ತಿತ್ತು.

ಎಂಎಕ್ಸ್‌ಆರ್‌ನಲ್ಲಿ ಐದು ನಾಬ್. ಮೊದಲು ಸುಮ್ನೆ ಎಲ್ಲವನ್ನೂ ಮಧ್ಯಕ್ಕಿಟ್ಟು ಕೇಳಿದೆ, ಏನೂ ಅನ್ನಿಸಲಿಲ್ಲ. ಆಮೇಲೆ ಚೂಪು ಸದ್ದನ್ನು ಹೊಂದಿಸುವ ಹೈ ನಾಬನ್ನು ಗಡಿಯಾರದ 9ರ ಕಡೆಗೆ ತಂದೆ, ರೇಟ್ ಬಹಳ ಕಮ್ಮಿ ಮಾಡಿದೆ, ಒಂದು ಅಲೆ ಏರಿ ಇಳಿಯಲು ಎರಡು ಸೆಕೆಂಡ್ ಹಿಡಿಯುವಷ್ಟು. ಕೋರಸ್ ಎಷ್ಟು ಬೆರೆಯಬೇಕು ಅನ್ನೋ ಲೆವೆಲ್ ಅರ್ಧಕ್ಕಿಂತ ಕೆಳಗೆ. ಗಿಟಾರಲ್ಲಿ ಕುತ್ತಿಗೆ ಕಡೆಯ ನೆಕ್ ಪಿಕಪ್. ಎ ಮೈನರ್ ಕಾರ್ಡ್ ಮೀಟಿದೆ. ಅಣ್ಣನ ಮನೆಯ ಆ ಹಾಲ್ ಕಣ್ಣ ಮುಂದೆ ಬಂತು.

ಇದು ಬರೀ ನೆನಪಿನ ಮಾತಲ್ಲ, ಒಳಗೆ ಕಾರಣವೂ ಇದೆ. ಈ ಥರದ ಅನಲಾಗ್ ಪೆಡಲ್ ಒಳಗೆ ಬಕೆಟ್ ಬ್ರಿಗೇಡ್ ಅನ್ನೋ ಚಿಪ್ ಇರುತ್ತದೆ. ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ವಾ, ಕೆಲಸದವರು ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಗಿಟಾರಿನ ಸದ್ದನ್ನೂ ಈ ಚಿಪ್ ಹಾಗೇ ದಾಟಿಸುತ್ತದೆ. ಸಿಇ-2ರಲ್ಲಿದ್ದ ಎಂಎನ್3007 ಚಿಪ್‌ನಲ್ಲಿ ಅಂಥ 1024 ಕೈಗಳು. ದಾಟುವ ವೇಗವನ್ನು ನಿಧಾನಕ್ಕೆ ಏರಿಸಿ ಇಳಿಸಿದರೆ ಸ್ವರ ಚೂರು ಮೇಲೆ ಕೆಳಗೆ ಅಲೆಯುತ್ತದೆ. ಈ ಓಟದ ಕಿರುಗುಟ್ಟುವಿಕೆ ನಮಗೆ ಕೇಳಿಸದಿರಲಿ ಅಂತ ಚಿಪ್‌ನ ಹಿಂದೆ ಮುಂದೆ ಸೋಸುವ ಸರ್ಕ್ಯೂಟ್ ಇಟ್ಟಿರುತ್ತಾರೆ, ಅದು ಚೂಪಾದ ಸದ್ದನ್ನೂ ಒಂದಿಷ್ಟು ಸೋಸಿಬಿಡುತ್ತದೆ. ಬೆಚ್ಚಗೆ ಅನ್ನಿಸುವುದು ಬಹುಪಾಲು ಅದರಿಂದ. ಹಾಗಂತ ಡಬ್ಬದ ಮೇಲೆ ಅನಲಾಗ್ ಅಂತ ಬರೆದಿದ್ದರೆ ಸಾಕು ಅಂದುಕೊಳ್ಳಬೇಡಿ, ಹೈ ನಾಬ್ ಮಧ್ಯದಲ್ಲಿದ್ದಾಗ ಇದೇ ಪೆಡಲ್ ನನಗೆ ಸಪ್ಪೆ ಅನ್ನಿಸಿತ್ತು.

ಕೊನೆಗೊಂದು ಪರೀಕ್ಷೆ ಮಾಡಿದೆ. ಹುಡುಗನಿಗೆ ಪೆಡಲ್ ಒತ್ತಲು ಹೇಳಿ ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಅದೇ ಕಾರ್ಡ್, ಅದೇ ಪಲ್ಲವಿ, ಅವನು ತನಗೆ ತೋಚಿದ ಹಾಗೆ ಮೂರನ್ನೂ ಬದಲಿಸುತ್ತಿದ್ದ. ನಾಲ್ಕು ಸಲ ಆರಾಮಾಗಿ ಪೂರ್ತಿ ಹಾಡಿದೆ. ನಾಲ್ಕೂ ಸಲ ಎಂಎಕ್ಸ್‌ಆರ್ ಆಗಿತ್ತು. ಬಿಲ್ ಮಾಡಿಸಿದೆ.

ಮನೆಗೆ ಬಂದು ಹಚ್ಚಿದರೆ ಹಿಂದಿನಿಂದ ಸೊಳ್ಳೆ ಥರ ಕುಂಯ್ ಅನ್ನೋ ಸದ್ದು. ಎದೆ ಧಸಕ್ ಅಂದಿತು. ಪೆಡಲ್ ತಪ್ಪಲ್ಲ, ಸದ್ದನ್ನು ಪ್ರತಿಧ್ವನಿಸುವ ನನ್ನ ಡಿಜಿಟಲ್ ಡಿಲೇ ಪೆಡಲ್ ಮತ್ತು ಇದು ಎರಡಕ್ಕೂ ಒಂದೇ ಅಡಾಪ್ಟರಿಂದ ಕವಲು ತಂತಿ ಹಾಕಿ ಕರೆಂಟ್ ಕೊಟ್ಟಿದ್ದೆ. ಬೇರೆ 9 ವೋಲ್ಟ್ ಅಡಾಪ್ಟರ್ ಕೊಟ್ಟ ಮೇಲೆ ಸೊಳ್ಳೆ ಹೋಯಿತು.

ಬುಧವಾರ ಪ್ರಾಕ್ಟೀಸ್. ಏನೂ ಹೇಳದೆ ಕಾರ್ಡ್ ಬಿಡಿಸಿ ಮೀಟಿದೆ. ಅಕ್ಕ ಪಲ್ಲವಿ ಎತ್ತಿಕೊಂಡರು, ಚರಣಕ್ಕೂ ಹೋದರು, ಎಲ್ಲೂ ನಿಲ್ಲಲಿಲ್ಲ. ಎರಡನೇ ಹಾಡಲ್ಲಿ ಕೊಳಲು ಸೇರಿದಾಗ ಮಾತ್ರ ಕೈ ಎತ್ತಿ, "ಇಲ್ಲಿ ಒಂಚೂರು ಕಮ್ಮಿ ಮಾಡು ಮರಿ, ಕೊಳಲೂ ಅಲೆಯುತ್ತೆ, ನೀನೂ ಅಲೆದರೆ ಜಾಸ್ತಿ ಆಗುತ್ತೆ" ಅಂದರು. ಡೆಪ್ತ್ ಇಳಿಸುತ್ತಾ ಹೋದೆ, ಅವರು ಸಾಕು ಅಂದ ಕಡೆ ನಿಲ್ಲಿಸಿದೆ. ಈಗ ಆ ನಾಬ್ ಪಕ್ಕದಲ್ಲಿ ವೈಟ್ನರಿಂದ ಇಟ್ಟ ಎರಡು ಚುಕ್ಕೆ ಇವೆ. ಮೇಲಿನದು ಅಕ್ಕ ಒಬ್ಬರೇ ಹಾಡುವಾಗ, ಕೆಳಗಿನದು ಕೊಳಲು ಇದ್ದಾಗ.