ಆಕ್ಸಲ್ ಸೊಟ್ಟಗಾದ ವಾರ

ದೋಣಿ ಸಾಗಿಸುವ ಟ್ರೇಲರಿನ ಒಂದು ಟೈರಿನ ಒಳ ಅಂಚು ಪೂರ್ತಿ ಬೋಳಾಗಿತ್ತು. ಹೊರಗಡೆಯಿಂದ ನೋಡಿದರೆ ಹೊಸದರ ಹಾಗೇ ಇತ್ತು. ಒಳಗಡೆ ಮಾತ್ರ ಎರಡು ಬೆರಳಗಲ ರಬ್ಬರ್ ಸವೆದು, ನೂಲು ಇಣುಕುತ್ತಿತ್ತು. ಹಾಕಿಸಿ ಒಂದು ವರ್ಷವೂ ಆಗಿರಲಿಲ್ಲ. ದೋಣಿಗೆ ಪಟ್ಟಿ ಬಿಗಿಯಲು ಬಗ್ಗಿದಾಗ ಕೈ ತಾಗಿತು, ಇಲ್ಲದಿದ್ದರೆ ಇನ್ನೂ ಒಂದು ತಿಂಗಳು ಹಾಗೇ ಓಡಾಡುತ್ತಿದ್ದೆನೋ ಏನೋ.

ನಾನಿರುವುದು ಅಮೆರಿಕದ ಮಿನಿಸೋಟದಲ್ಲಿ. ಇಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೇ '10,000 ಕೆರೆಗಳು' ಎಂದು ಬರೆದಿರುತ್ತದೆ. ಹತ್ತು ಎಕರೆ ಮೇಲ್ಪಟ್ಟವನ್ನಷ್ಟೇ ಎಣಿಸಿದರೂ 11,842 ಆಗುತ್ತವಂತೆ. ಮಂಡ್ಯ ಕಡೆಯವನಾದ ನನಗೆ ನೀರು ಅಂದರೆ ವಿ.ಸಿ. ನಾಲೆ, ದೋಣಿ ಅಂದರೆ ರಂಗನತಿಟ್ಟು. ಆದರೂ ಊರಿಗೆ ಬಂದವಳು ನೀರಿಗೆ ಬಾರಳೇ ಅನ್ನುವ ಹಾಗೆ, ಮೂರು ವರ್ಷದ ಹಿಂದೆ ಒಂದು 16 ಅಡಿ ಅಲ್ಯೂಮಿನಿಯಂ ದೋಣಿ ತಗೊಂಡೆ. ಸೆಕೆಂಡ್ ಹ್ಯಾಂಡ್. ಟ್ರೇಲರ್ ಅದರ ಜೊತೆಗೇ ಬಂತು. ದೋಣಿ ನೋಡಿ ಖುಷಿಪಟ್ಟೆನೇ ಹೊರತು ಟ್ರೇಲರ್ ಕಡೆ ತಿರುಗಿ ಕೂಡ ನೋಡಲಿಲ್ಲ.

ಗಾಳಿ ಕಡಿಮೆ ಇರಬಹುದು ಅಂದುಕೊಂಡೆ. ಸರಿಯಾಗೇ ಇತ್ತು. ಪಕ್ಕದ ಮನೆಯ ಯಜಮಾನರು ರಿಟೈರ್ ಆದವರು, ದಿನವಿಡೀ ಗ್ಯಾರೇಜಿನಲ್ಲೇ ಇರುವವರು. ನಾನು ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತದ್ದನ್ನು ನೋಡಿ ಕಾಫಿ ಲೋಟದ ಸಮೇತ ಬಂದರು. ಟೈರು ಮುಟ್ಟಲೇ ಇಲ್ಲ. ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ, ಒಂದು ಕಣ್ಣು ಮುಚ್ಚಿ ನಿಂತರು. ನೀನೂ ಇಲ್ಲಿಂದ ನೋಡು ಅಂದರು. ನೋಡಿದೆ. ಬಲಗಡೆ ಚಕ್ರ ನೆಟ್ಟಗೆ ನಿಂತಿದೆ. ಎಡಗಡೆಯದರ ತಲೆ ದೋಣಿಯ ಕಡೆಗೆ ವಾಲಿದೆ. ಟೈರಿನದೇನೂ ತಪ್ಪಿಲ್ಲ, ಎರಡೂ ಚಕ್ರಗಳನ್ನು ಹೊರುವ ಅಚ್ಚು, ಅಂದರೆ ಆಕ್ಸಲ್ ಬಗ್ಗಿದೆ ಅಂದರು.

ಯಾವುದಾದರೂ ಗುಂಡಿಗೆ ಇಳಿಸಿದೆಯಾ ಅಂತ ಕೇಳಿದರು. ಅದಕ್ಕೇನು ಬರ! ಚಳಿಗಾಲದಲ್ಲಿ ನೀರು ರಸ್ತೆಯೊಳಗೆ ಇಳಿದು ಹೆಪ್ಪುಗಟ್ಟಿ ಉಬ್ಬುತ್ತದೆ, ಕರಗಿದಾಗ ಮೇಲಿನ ಡಾಂಬರು ಕುಸಿಯುತ್ತದೆ. ಏಪ್ರಿಲ್ ಬಂತೆಂದರೆ ನಮ್ಮೂರಿನ ರಸ್ತೆಗಳೇ ವಾಸಿ ಅನ್ನಿಸುತ್ತದೆ. ಕೆರೆಗೆ ಹೋಗುವ ದಾರಿಯಲ್ಲಿ ಅಂಥದೊಂದು ಗುಂಡಿ ನನಗೆ ಚೆನ್ನಾಗಿ ಗೊತ್ತಿತ್ತು. ಅವತ್ತು ರಾತ್ರಿಯೇ ರಸ್ತೆಯವರಿಗೆ ಉದ್ದಕ್ಕೆ ಒಂದು ದೂರು ಬರೆದು ಕಳಿಸಿದೆ.

ಆಮೇಲೆ ಅಪ್ಪನಿಗೆ ವಿಡಿಯೋ ಕಾಲ್. ಅಪ್ಪ ಎತ್ತಿನ ಗಾಡಿಯಲ್ಲಿ ಫ್ಯಾಕ್ಟರಿಗೆ ಕಬ್ಬು ಹೊಡೆದವರು.

"ಬಗ್ಗುದ್ರೆ ಬಿಸಿ ಮಾಡಿ ತಟ್ಸು. ಹೊಸದ್ಯಾಕೆ ತತ್ತೀಯ?" ಅಂದರು. ನನ್ನ ತಲೆಯಲ್ಲೂ ಅದೇ ಇತ್ತು. ನಮ್ಮ ಕಡೆ ವೆಲ್ಡಿಂಗ್ ಶಾಪಿನವನು ಗ್ಯಾಸ್ ಹಿಡಿದು ಕೆಂಪಗೆ ಮಾಡಿ, ಜಾಕ್ ಕೊಟ್ಟು, ಅರ್ಧ ಗಂಟೆಯಲ್ಲಿ ಕೈಗಿಡುತ್ತಿದ್ದ.

"ಇದು ಪೈಪಪ್ಪ. ಒಳಗೆ ಟೊಳ್ಳು."

"ಟೊಳ್ಳಾ? ಹಂಗಾದ್ರೆ ಬ್ಯಾಡ. ಟೊಳ್ಳು ಒಂದ್ಸಲ ಬಗ್ಗುದ್ರೆ ಆಯ್ತು, ತಿರುಗಾ ಅಲ್ಲೇ ಬಗ್ತದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ್ಸರಿ ಮಗಾ, ಎಲ್ ಬಿತ್ತು ಅಂತ ನೋಡ್ದಾ?" ಅಂದರು.

ರಸ್ತೆ ಗುಂಡಿ ಅಂತ ಹೇಳಿ ಫೋನಿಟ್ಟೆ.

ಪಕ್ಕದ ಮನೆಯವರು ಇನ್ನೊಂದು ಕಾರಣ ಕೊಟ್ಟರು. ನನ್ನ ಆಕ್ಸಲ್‌ಗೆ ತುಕ್ಕು ಹಿಡಿಯದಿರಲಿ ಅಂತ ಸತುವಿನ ಲೇಪ ಇದೆ. ಅದನ್ನು ಕೆಂಪಗೆ ಕಾಯಿಸಿದರೆ ಬರುವ ಹೊಗೆ ಕುಡಿದು ಚಳಿಜ್ವರ ಬಂದೀತು ಅಂದರು. ಬದಲಾಯಿಸುವುದೇ ಸರಿ ಅಂತಾಯಿತು.

ಆಕ್ಸಲ್ ತರಿಸಬೇಕಾದರೆ ಅಳತೆ ಬೇಕು. ನಾನು ಟೈರಿನಿಂದ ಟೈರಿಗೆ ಟೇಪು ಹಿಡಿದು ಬರೆದುಕೊಂಡಿದ್ದೆ. ನೋಡಿದವರೇ ಚೀಟಿ ಹರಿದು ಹಾಕಿದರು. ಬೇಕಾದದ್ದು ಚಕ್ರ ಕೂರಿಸುವ ಹಬ್‌ನ ಮುಖದಿಂದ ಮುಖಕ್ಕೆ ಎಷ್ಟು, ಈ ಸ್ಪ್ರಿಂಗಿನ ನಡುವಿನಿಂದ ಆ ಸ್ಪ್ರಿಂಗಿನ ನಡುವಿಗೆ ಎಷ್ಟು, ಎಷ್ಟು ಭಾರ ಹೊರಬೇಕು, ಇಷ್ಟು. ಅಳತೆ ತಪ್ಪಿದರೆ ಚಕ್ರ ಮಡ್‌ಗಾರ್ಡಿಗೆ ಉಜ್ಜಬಹುದು. ನನ್ನದು 2,000 ಪೌಂಡಿನದು. ದೋಣಿ, ಇಂಜಿನ್, ಟ್ರೇಲರ್ ಎಲ್ಲ ಸೇರಿ 1,400 ದಾಟುವುದಿಲ್ಲ. ಅಂದರೆ ಬಗ್ಗಿದ್ದು ಭಾರಕ್ಕಲ್ಲ. ಇನ್ನೂ ಒಂದು ಪರೀಕ್ಷೆ ಮಾಡಿಸಿದರು. ಚಕ್ರ ಎತ್ತಿ ತಿರುಗಿಸಿ ಎರಡೂ ಟೈರಿಗೆ ಸುತ್ತಲೂ ಚಾಕ್‌ಪೀಸಿನಲ್ಲಿ ಗೆರೆ ಎಳೆದೆವು. ಗೆರೆಯಿಂದ ಗೆರೆಗೆ ಮುಂದುಗಡೆ ಒಮ್ಮೆ, ಹಿಂದುಗಡೆ ಒಮ್ಮೆ ಅಳೆದರೆ, ಮುಂದೆ ಮುಕ್ಕಾಲು ಇಂಚು ಜಾಸ್ತಿ. ಅರೆಕಾಲು ಇಂಚು ಆಚೀಚೆ ಆದರೆ ನಡೆಯುತ್ತದೆ, ಇದು ಅತಿಯಾಯಿತು. ಚಕ್ರ ಮೇಲಕ್ಕೂ ಬಗ್ಗಿದೆ, ಹಿಂದಕ್ಕೂ ಎಳೆದುಕೊಂಡಿದೆ ಅಂದರು. ರಸ್ತೆ ಗುಂಡಿಗೆ ಹೀಗಾಗುವುದು ಅವರಿಗೆ ಅಷ್ಟು ನಂಬಿಕೆ ಬರಲಿಲ್ಲ. ನನಗೆ ಬಂದಿತ್ತು.

ಐದು ದಿನಕ್ಕೆ ಆಕ್ಸಲ್ ಬಂತು. ಕಟ್ಟು ಬಿಚ್ಚಿದರೆ ಅದೂ ಸೊಟ್ಟ! ಎರಡು ತುದಿ ನೆಲ ಮುಟ್ಟಿದರೆ ನಡುಭಾಗ ಬಿಲ್ಲಿನ ಹಾಗೆ ಮೇಲೆದ್ದಿತ್ತು. ವಾಪಸ್ ಕಳಿಸಲು ಫೋನು ಕೈಗೆತ್ತಿಕೊಂಡಿದ್ದೆ. ಯಜಮಾನರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಬೇಕಂತಲೇ ಹಾಗೆ ಮಾಡಿರುತ್ತಾರಂತೆ. ಭಾರ ಕೂತಾಗ ಇಳಿದು ನೆಟ್ಟಗಾಗುತ್ತದೆ. ಉಬ್ಬು ಮೇಲ್ಮುಖವಾಗಿರಬೇಕು, ಅಷ್ಟು ನೋಡಿಕೊಂಡರೆ ಸಾಕು.

ಹಳೆಯದನ್ನು ಬಿಚ್ಚುವುದೇ ದೊಡ್ಡ ಕೆಲಸವಾಯಿತು. ಟ್ರೇಲರಿನ ಚೌಕಟ್ಟಿಗೆ ಸ್ಟ್ಯಾಂಡ್ ಕೊಟ್ಟು ದೋಣಿಯನ್ನು ಮೇಲೇ ಇಟ್ಟುಕೊಂಡು ಕೆಳಗೆ ತೂರಿದೆ. ಯು ಬೋಲ್ಟಿನ ನಟ್ಟುಗಳು ತುಕ್ಕು ತಿಂದು ಬೋಲ್ಟಿನ ಜೊತೆ ಒಂದಾಗಿದ್ದವು. ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದರೂ ಪಾನಾಕ್ಕೆ ಜಗ್ಗಲಿಲ್ಲ. ಕೊನೆಗೆ ಗ್ರೈಂಡರ್ ತಂದು ನಾಲ್ಕನ್ನೂ ಕತ್ತರಿಸಿದೆ. ಹೊಸ ಬೋಲ್ಟ್ ಹೇಗೂ ತರಿಸಿದ್ದೆವು.

ಬೇರಿಂಗಿಗೆ ಗ್ರೀಸ್ ತುಂಬುವುದನ್ನು ಅವರು ಕೈಹಿಡಿದು ಕಲಿಸಿದರು. ಎಡ ಅಂಗೈಯಲ್ಲಿ ಒಂದು ಮುದ್ದೆ ಗ್ರೀಸ್ ಇಟ್ಟುಕೊಳ್ಳಬೇಕು. ಬೇರಿಂಗಿನ ದಪ್ಪ ಬಾಯಿಯನ್ನು ಅದರ ಅಂಚಿಗೆ ಒತ್ತಿ ಒತ್ತಿ ಎಳೆಯಬೇಕು. ಮೊದಮೊದಲು ಏನೂ ಆಗುವುದಿಲ್ಲ. ಆಮೇಲೆ ರೋಲರುಗಳ ಸಂದಿಯಿಂದ ಆಚೆ ಕಡೆ ಸಣ್ಣ ಸಣ್ಣ ಹುಳುವಿನ ಹಾಗೆ ಗ್ರೀಸ್ ಹೊರಬರುತ್ತದೆ. ಆಗ ಬೇರಿಂಗನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತು. ಊರಲ್ಲಿ ನಮ್ಮ ಎತ್ತಿನ ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ನೇತಾಡುತ್ತಿತ್ತು. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಗೆ ಕಲಸಿದ್ದು. ಅಂಗಿಗೆ ತಾಗಿದರೆ ಅಂಗಿ ಹರಿದರೂ ಕಲೆ ಹೋಗುತ್ತಿರಲಿಲ್ಲ, ಅಮ್ಮನ ಬೈಗುಳ ಬೇರೆ. ಈ ಗ್ರೀಸ್ ನೀಲಿ ಬಣ್ಣದ್ದು. ಬೈಗುಳ ಮಾತ್ರ ಹೆಂಡತಿಯಿಂದ ಅದೇ ಬಂತು.

ಹಬ್ ಏರಿಸಿ, ಕೈಯಲ್ಲಿ ತಿರುಗಿಸುತ್ತಲೇ ನಟ್ಟು ಬಿಗಿದು, ಮತ್ತೆ ಸಡಿಲಿಸಿ, ಬರೀ ಬೆರಳಲ್ಲಿ ಬಿಗಿದರೆ ಎಷ್ಟು ಬರುತ್ತದೋ ಅಷ್ಟಕ್ಕೆ ನಿಲ್ಲಿಸಬೇಕು. ಬಿಗಿ ಜಾಸ್ತಿಯಾದರೆ ಬೇರಿಂಗ್ ಸುಡುತ್ತದೆ. ನಟ್ಟು ಸಡಿಲವಾಗದಂತೆ ಒಂದು ಪಿನ್ನು ತೂರಿಸಿ ಕಾಲು ಮಡಿಸುತ್ತಾರೆ. ಅದರ ಫೋಟೋ ಕಳಿಸಿದ್ದಕ್ಕೆ ಅಪ್ಪನಿಂದ ಒಂದೇ ಪದದ ಉತ್ತರ ಬಂತು, ಎತ್ತಿನ ಗಾಡಿಯ ಚಕ್ರ ಕಳಚದಂತೆ ತಡೆಯುವ ಕೀಲಿನ ಹೆಸರು: ಕಡಾಣಿ.

ಸೆಪ್ಟೆಂಬರಿನಲ್ಲಿ ಮತ್ತೆ ಕೆರೆಗೆ ಹೋದೆ. ಆ ವರ್ಷ ಮಳೆ ಕಡಿಮೆ, ನೀರು ಕೆಳಗಿಳಿದಿತ್ತು. ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರಿನಲ್ಲಿ ಟ್ರೇಲರನ್ನು ಹಿಂದಕ್ಕೆ ಬಿಡುತ್ತಾ, ಜುಲೈನಲ್ಲಿ ಇಲ್ಲೇ ಒಮ್ಮೆ 'ದಡ್' ಅಂದದ್ದು ನೆನಪಾಯಿತು. ಯಾವುದೋ ಕಲ್ಲು ಅಂದುಕೊಂಡು ಜೋರಾಗಿ ಗಾಡಿ ಎಳೆದಿದ್ದೆ. ಅಪ್ಪನ ಪ್ರಶ್ನೆಯೂ ನೆನಪಾಯಿತು. ನಿಲ್ಲಿಸಿ ಇಳಿದೆ. ಹುಟ್ಟನ್ನು ಹಿಡಿದು ನೀರಿಗಿಳಿದು ನೆಲ ತಟ್ಟುತ್ತಾ ಹೋದೆ. ಟಕ್, ಟಕ್, ಟಕ್. ತೊಡೆಯ ಮಟ್ಟದ ನೀರಿನಲ್ಲಿ ಕಾಂಕ್ರೀಟ್ ಮುಗಿಯಿತು. ಇನ್ನೊಂದು ಗೇಣು ಮುಂದೆ ಊರಿದರೆ ಹುಟ್ಟು ಹಿಡಿಯವರೆಗೂ ಒಳಗೆ ಹೋಯಿತು.

ಆ ಗುಂಡಿ ತೋಡಿದ್ದು ಮಳೆಯಲ್ಲ, ಹಿಮವಲ್ಲ. ದೋಣಿಯನ್ನು ನೀರಿನಿಂದ ಟ್ರೇಲರಿಗೆ ಹತ್ತಿಸುವಾಗ, ಅದನ್ನು ಎಳೆದುಕೊಳ್ಳುವ ಕೈರಾಟೆ ತಿರುಗಿಸುವ ಬದಲು ಇಂಜಿನ್ ರೈಸ್ ಮಾಡಿ ನುಗ್ಗಿಸುತ್ತಾರೆ. ಸುಲಭ, ಅಲ್ವಾ? ಹಿಂದೆ ಇಂಜಿನ್ನಿನ ತಿರುಗುವ ರೆಕ್ಕೆ ತಳ್ಳುವ ನೀರು ಕಾಂಕ್ರೀಟಿನ ತುದಿಯ ಮಣ್ಣನ್ನೆಲ್ಲ ಕೊರೆದು ಆಚೆ ಗುಡ್ಡೆ ಹಾಕುತ್ತದೆ. ನೀರು ಕಡಿಮೆಯಾದಾಗ ಟ್ರೇಲರನ್ನು ಜಾಸ್ತಿ ಹಿಂದಕ್ಕೆ ಬಿಡಬೇಕಾಗುತ್ತದೆ. ಚಕ್ರ ಗುಂಡಿಗಿಳಿದು, ಎಳೆಯುವಾಗ ಕಾಂಕ್ರೀಟಿನ ಅಂಚಿಗೆ ಹೊಡೆಯುತ್ತದೆ. ಇಂಜಿನ್ನಿನಿಂದ ಹತ್ತಿಸಬೇಡಿ ಅಂತ ಬೋರ್ಡು ಅಲ್ಲೇ ಇತ್ತು. ಮೂರು ಬೇಸಿಗೆ ನಾನು ಆ ಬೋರ್ಡಿನ ಪಕ್ಕದಲ್ಲೇ ಇಂಜಿನ್ ರೈಸ್ ಮಾಡಿದ್ದೇನೆ.

ರಸ್ತೆಯವರು ಪಾಪ, ಆ ಹೊತ್ತಿಗೆ ನನ್ನ ದೂರಿನ ಗುಂಡಿ ಮುಚ್ಚಿಯೂ ಬಿಟ್ಟಿದ್ದರು.

ಸಂಜೆ ವಾಪಸಾಗುವಾಗ ಇಂಜಿನ್ ಆರಿಸಿ, ಹಗ್ಗ ಹಿಡಿದು ದೋಣಿಯನ್ನು ಎಳೆದು ತಂದೆ. ಕೊಕ್ಕೆ ಸಿಕ್ಕಿಸಿ ಕೈರಾಟೆ ತಿರುಗಿಸತೊಡಗಿದೆ. ಕಟಕಟಕಟ ಅಂತ ಒಂದೊಂದೇ ಹಲ್ಲು. ಹಿಂದೆ ನಾಲ್ಕು ಗಾಡಿ ಕಾಯುತ್ತಿದ್ದವು. ಮೊದಲ ಗಾಡಿಯವನು ಇಳಿದು ಬಂದು, ಇಂಜಿನ್ ಕೆಟ್ಟಿದೆಯಾ, ನೂಕಲಾ ಅಂತ ಕೇಳಿದ.

ಇಲ್ಲ, ಚೆನ್ನಾಗೇ ಇದೆ ಅಂದು ತಿರುಗಿಸುತ್ತಾ ಹೋದೆ.