ಸಾಂವ್ ಜನುವಾರಿಯೊದಲ್ಲಿ ಒಂದು ಸಂಜೆ

ಉಳ್ಳಾಲದಲ್ಲಿ ಹುಟ್ಟಿ ಬೆಳೆದವರಿಗೆ ವಾಸ್ಕೋ ಡ ಗಾಮನ ಹೆಸರಿನ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಕಪ್ಪ ಕೊಡುವುದಿಲ್ಲ ಎಂದು ಪೋರ್ಚುಗೀಸರಿಗೆ ಎದುರು ನಿಂತ ರಾಣಿ ಅಬ್ಬಕ್ಕನ ಊರು ನಮ್ಮದು. 1498ರಲ್ಲಿ ಗಾಮ ಕಲ್ಲಿಕೋಟೆಯಿಂದ ವಾಪಸು ಹೊರಟಾಗ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ ತಂಗಿದ್ದ. 1502ರಲ್ಲಿ ಮತ್ತೆ ಬಂದವನು ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗಿಗೆ ಬೆಂಕಿ ಹಚ್ಚಿಸಿದ. ಅದರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಕಡಲ ಕೆಲಸಕ್ಕೆ ಬಂದ ಮೇಲೆ ಈ ಕಥೆ ನನ್ನನ್ನು ಇನ್ನೂ ಜಾಸ್ತಿ ಕಾಡಿದೆ. ಹಡಗಿನಲ್ಲಿ ಬೆಂಕಿ ಅಂದರೆ ಏನು ಅಂತ ನಮಗೆ ಗೊತ್ತು.

ಹಾಗಾಗಿ ಬ್ರೆಜಿಲ್‌ನ ರಿಯೊ ಡಿ ಜನೈರೊ ಬಂದರಿನಲ್ಲಿ ನಮ್ಮ ಹಡಗು ರಿಪೇರಿಗೆ ನಿಂತಾಗ, ಬೋಸನ್ (ಡೆಕ್ಕಿನ ಕೆಲಸಗಾರರ ಮೇಸ್ತ್ರಿ) ಬಂದು ವಾಸ್ಕೋ ಡ ಗಾಮ ಎಂಬ ಫುಟ್‌ಬಾಲ್ ಕ್ಲಬ್ಬಿನ ಮ್ಯಾಚ್ ನೋಡೋಣ ಅಂದರೆ ನನಗೆ ಮನಸ್ಸಾಗಲಿಲ್ಲ. ಬೋಸನ್ ಗೋವಾದವರು. ಅವರ ಊರಿನ ಹೆಸರೇ ವಾಸ್ಕೋ ಡ ಗಾಮ. ಫುಟ್‌ಬಾಲ್ ಅಂದರೆ ಪ್ರಾಣ. ಅಜ್ಜಿ ಮನೆಯಲ್ಲಿ ಪೋರ್ಚುಗೀಸ್ ಆಡುತ್ತಿದ್ದರಂತೆ, ಆ ಭಾಷೆ ಇವರಿಗೂ ತಕ್ಕಮಟ್ಟಿಗೆ ಬರುತ್ತದೆ. "ಬನ್ನಿ ಚಾರ್ ಸಾಬ್, ನಮ್ಮೂರ ಹೆಸರಿನ ಟೀಮು. ನೋಡದೆ ಹೋದರೆ ಮನೆಯಲ್ಲಿ ಬೈತಾರೆ" ಅಂದರು. ನಾಲ್ಕನೇ ಎಂಜಿನಿಯರನ್ನು ನಮ್ಮ ಹಡಗುಗಳಲ್ಲಿ ಕರೆಯುವುದೇ ಹಾಗೆ. ಶೋರ್ ಲೀವ್, ಅಂದರೆ ದಡಕ್ಕೆ ಹೋಗಲು ರಜೆ ಸಿಕ್ಕಿತು, ಹೊರಟೆವು.

ಟಿಕೆಟ್ ಮಾಡಿಸಿ ಜೊತೆಗೆ ಬಂದದ್ದು ಶಿಪ್ಪಿಂಗ್ ಏಜೆಂಟರ ಡ್ರೈವರ್. ಎಪ್ಪತ್ತರ ಹತ್ತಿರದ ಕಪ್ಪು ಮನುಷ್ಯ, ಮೂರು ತಲೆಮಾರಿನಿಂದ ವಾಸ್ಕೋ ಅಭಿಮಾನಿ. ಅವರ ಅಂಗಿ ಕಪ್ಪು. ಎದೆಯ ಮೇಲೆ ಓರೆಯಾಗಿ ಬಿಳಿ ಪಟ್ಟಿ, ಅದರ ಮೇಲೆ ಕೆಂಪು ಶಿಲುಬೆ. ಒಗೆದು ಒಗೆದು ಶಿಲುಬೆಯ ಅಂಚು ಸಿಪ್ಪೆ ಎದ್ದಿತ್ತು. ಪೋರ್ಚುಗೀಸ್ ಹಡಗುಗಳ ಹಾಯಿಯ ಮೇಲಿದ್ದ ಚಿಹ್ನೆಯ ನೆನಪಿಗೆ ಬಂದ ಶಿಲುಬೆ ಅದು. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ಅವರು ಗಮನಿಸಿದರು. ಬೋಸನ್ ನಮ್ಮೂರಿನ ಕಥೆ ಹೇಳಿದರು. ಡ್ರೈವರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ವಾಸ್ಕೋ ಬೇರೆ. ಮೈದಾನಕ್ಕೆ ಬನ್ನಿ, ತೋರಿಸ್ತೇನೆ" ಅಂದರು.

ಮೈದಾನದ ಹೆಸರು ಸಾಂವ್ ಜನುವಾರಿಯೊ, ಇರುವುದು ಊರಿನ ಉತ್ತರ ಭಾಗದಲ್ಲಿ. ಪೋಸ್ಟ್‌ಕಾರ್ಡಿನಲ್ಲಿ ಬರುವ ಕೊಪಾಕಬಾನ ಬೀಚಿನ ಕಡೆಯಲ್ಲ. ಪಕ್ಕಕ್ಕೆ ಅಂಟಿಕೊಂಡೇ ಬರೇರಾ ಡೊ ವಾಸ್ಕೋ ಎಂಬ ಫವೇಲಾ, ಬಡವರ ಒತ್ತೊತ್ತು ಮನೆಗಳ ಕೇರಿ. ಮ್ಯಾಚ್ ದಿನ ಆ ಕೇರಿಯೇ ಬೀದಿಗೆ ಬಂದು ವ್ಯಾಪಾರ ಮಾಡುತ್ತದೆ. ಕೆಂಡದ ಮೇಲೆ ಸುಟ್ಟ ಮಾಂಸದ ಕಡ್ಡಿ, ಅದರ ಮೇಲೆ ಮರಗೆಣಸಿನ ಹುರಿದ ಹಿಟ್ಟು. ಥರ್ಮಾಕೋಲ್ ಡಬ್ಬಿಯಲ್ಲಿ ಐಸು, ಬಿಯರು. ಕಡ್ಡಿ ಮಾರುತ್ತಿದ್ದ ಹೆಂಗಸಿಗೆ ಬೋಸನ್ ತಮ್ಮ ಸೀಮನ್ ಬುಕ್ (ನಾವಿಕರ ಗುರುತಿನ ಪುಸ್ತಕ) ತೆಗೆದು, ಹುಟ್ಟಿದ ಊರಿನ ಜಾಗ ತೋರಿಸಿದರು. ಆಕೆ ಬೆರಳಿಟ್ಟು ಓದಿದಳು: ವಾಸ್ಕೋ ಡ ಗಾಮ, ಗೋವಾ. ಅಷ್ಟೇ, ಪಕ್ಕದ ಅಂಗಡಿಯವರನ್ನೆಲ್ಲ ಕೂಗಿ ಕರೆದಳು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಎಣ್ಣೆ ಕೈಯವರು ಅಂಗಿಗೆ ಕೈ ಒರೆಸಿಕೊಂಡು ಹಿಡಿದು ನೋಡಿದರು. ಕಡ್ಡಿಗೆ ಆಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಒಳಗೆ ಹೋಗುವ ಮೊದಲು ಡ್ರೈವರ್ ನಮ್ಮನ್ನು ಮುಂಬಾಗಿಲ ಕಡೆ ಕರೆದುಕೊಂಡು ಹೋದರು. ಹಳೆಯ ಪೋರ್ಚುಗೀಸ್ ಶೈಲಿಯ ಮುಖಭಾಗ, ಚಿತ್ರದ ಹೆಂಚಿನ ಅಲಂಕಾರ. ಅಲ್ಲಿ ನಿಂತೇ ಕಥೆ ಶುರು ಮಾಡಿದರು. ಬೋಸನ್ ಬಿಡಿಸಿ ಹೇಳುತ್ತಾ ಹೋದರು. ಆಮೇಲೆ ನಾನೂ ಸಿಕ್ಕಿದ್ದೆಲ್ಲ ಓದಿದ್ದೇನೆ.

ಕ್ಲಬ್ ಹುಟ್ಟಿದ್ದು 1898ರ ಆಗಸ್ಟ್ 21ರಂದು. ಗಾಮನ ಪಯಣಕ್ಕೆ 400 ವರ್ಷ ತುಂಬಿದ ವರ್ಷ, ಅದಕ್ಕೇ ಆ ಹೆಸರು. ಆಗ ಫುಟ್‌ಬಾಲ್ ಇರಲಿಲ್ಲ, ದೋಣಿ ಪಂದ್ಯದ ಕ್ಲಬ್. ಪೋರ್ಚುಗಲ್ಲಿನಿಂದ ಬಂದ ಅಂಗಡಿಯವರು, ಗುಮಾಸ್ತರು ಸೇರಿ ಕಟ್ಟಿದ್ದು. 1904ರಲ್ಲೇ ಕಾಂಡಿಡೊ ಜೋಸೆ ಡಿ ಅರೌಜೊ ಎಂಬ ಮಿಶ್ರವರ್ಣದವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಗಿದ್ದು 1888ರಲ್ಲಿ. ಇನ್ನೂ ಹದಿನಾರು ವರ್ಷ ಆಗಿತ್ತು, ಅಷ್ಟೇ.

ಫುಟ್‌ಬಾಲ್ ಆಗ ಶ್ರೀಮಂತರ ಆಟ. 1923ರಲ್ಲಿ ವಾಸ್ಕೋ ಮೊದಲ ಸಲ ರಿಯೊದ ಮೇಲಿನ ದರ್ಜೆಗೆ ಏರಿತು. ಗೋಲ್‌ಕೀಪರ್ ನೆಲ್ಸನ್ ಟ್ಯಾಕ್ಸಿ ಡ್ರೈವರ್. ಸೆಸಿ ಗೋಡೆಗೆ ಬಣ್ಣ ಹೊಡೆಯುವವನು. ನಿಕೊಲಿನೊ ಬಂದರಿನಲ್ಲಿ ಹೊರೆ ಇಳಿಸುವವನು. ಬೊಲಾಂವ್ ಲಾರಿ ಓಡಿಸುವವನು. ಕರಿಯರು, ಮಿಶ್ರವರ್ಣದವರು, ಬಡ ಬಿಳಿಯರು ಒಟ್ಟಿಗೆ ಆಡಿದರು, ಬಂದ ವರ್ಷವೇ ಕಪ್ ಗೆದ್ದರು. ಕರಿಯರನ್ನು ಆಡಿಸಿದ ಮೊದಲ ಕ್ಲಬ್ ಇದೇ ಅಂತ ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಬಟ್ಟೆ ಗಿರಣಿಯ ಕ್ಲಬ್ ಬಾಂಗು 1905ರಲ್ಲೇ ಫ್ರಾನ್ಸಿಸ್ಕೊ ಕರೆಗಾಲ್‌ನನ್ನು ಆಡಿಸಿತ್ತು. ಆದರೆ ಇಂಥ ತಂಡ ಕಟ್ಟಿ ದೊಡ್ಡ ಕ್ಲಬ್‌ಗಳನ್ನು ಸೋಲಿಸಿ ಪಟ್ಟ ಹಿಡಿದದ್ದು ವಾಸ್ಕೋ.

ದೊಡ್ಡವರಿಗೆ ಅದು ತಡೆಯಲಿಲ್ಲ. 1924ರಲ್ಲಿ ಫ್ಲುಮಿನೆನ್ಸೆ, ಫ್ಲಮೆಂಗೊ, ಬೊಟಾಫೊಗೊ ಮುಂತಾದ ಕ್ಲಬ್‌ಗಳವರು ಬೇರೆಯೇ ಲೀಗ್ ಕಟ್ಟಿದರು. ವಾಸ್ಕೋ ಬರಬೇಕಾದರೆ ಹನ್ನೆರಡು ಆಟಗಾರರನ್ನು ಕೈಬಿಡಬೇಕು ಅಂದರು. ಚರ್ಮದ ಬಣ್ಣದ ಮಾತನ್ನು ಯಾರೂ ನೇರವಾಗಿ ಎತ್ತಲಿಲ್ಲ. ಇವರಿಗೆ ತಕ್ಕ ಉದ್ಯೋಗ ಇಲ್ಲ, ಓದು ಬರಹ ಸಾಲದು, ನಿಮಗೆ ಸರಿಯಾದ ಮೈದಾನ ಇಲ್ಲ, ಹೀಗೆ. ಬಾಗಿಲು ಹಾಕುವವರು ಎಲ್ಲ ಕಡೆಯೂ ಇಂಥದೇ ಕಾರಣ ಕೊಡುತ್ತಾರೆ, ಅಲ್ವಾ?

ಏಪ್ರಿಲ್ 7ರಂದು ಅಧ್ಯಕ್ಷ ಜೋಸೆ ಆಗುಸ್ಟೊ ಪ್ರೆಸ್ಟೆಸ್ ಆ ಲೀಗಿಗೆ ಒಂದು ಸಣ್ಣ ಪತ್ರ ಬರೆದರು. ಈ ಹನ್ನೆರಡು ಜನ ಈಗಷ್ಟೇ ಬೆಳೆಯುತ್ತಿರುವ ಹುಡುಗರು, ಕ್ಲಬ್ಬಿಗೆ ಗೆಲುವು ತಂದವರು, ಅವರನ್ನು ಬಲಿ ಕೊಟ್ಟು ನಾವು ಒಳಗೆ ಬರುವುದಿಲ್ಲ, ನಿಮ್ಮ ಲೀಗೇ ನಮಗೆ ಬೇಡ. ಸಾರಾಂಶ ಇಷ್ಟೇ. ಇದನ್ನು ಅಭಿಮಾನಿಗಳು 'ಐತಿಹಾಸಿಕ ಉತ್ತರ' ಅನ್ನುತ್ತಾರೆ. ನಮ್ಮ ಡ್ರೈವರಿಗೆ ಪತ್ರ ಬಾಯಿಪಾಠ. ಸಹಿಯ ತನಕ ಹೇಳಿದರು. ಪಕ್ಕದಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ನಿಂತು ಕೊನೆಯ ಸಾಲುಗಳಿಗೆ ದನಿ ಸೇರಿಸಿದರು. ಆಡಳಿತ ಮಂಡಳಿ ಬರೆದ ಪತ್ರವೊಂದನ್ನು ಜನ ಹೀಗೆ ಬಾಯಲ್ಲಿ ಇಟ್ಟುಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರು ವರ್ಷ ವಾಸ್ಕೋ ಆ ಲೀಗಿಗೆ ಸೇರಿತು, ಆ ಆಟಗಾರರನ್ನು ಬಿಟ್ಟುಕೊಡದೆಯೇ. ಮೈದಾನ ಇಲ್ಲ ಅಂದಿದ್ದರಲ್ಲ, ಅದಕ್ಕೆ ಅಭಿಮಾನಿಗಳು ಚಂದಾ ಎತ್ತಿದರು. ಬೇಕರಿಯವರು, ಕಿರಾಣಿ ಅಂಗಡಿಯವರು, ಕೂಲಿಯವರು ಕೈಲಾದಷ್ಟು ಕೊಟ್ಟರು. ಸರ್ಕಾರದ ದುಡ್ಡಿಲ್ಲದೆ 1927ರ ಏಪ್ರಿಲ್ 21ರಂದು ಸಾಂವ್ ಜನುವಾರಿಯೊ ಎದ್ದು ನಿಂತಿತು. ಆಗ ಇಡೀ ದಕ್ಷಿಣ ಅಮೆರಿಕದಲ್ಲೇ ಅದಕ್ಕಿಂತ ದೊಡ್ಡದು ಇರಲಿಲ್ಲ. ಮೊದಲ ಪಂದ್ಯದಲ್ಲಿ ಸಾಂತೋಸ್ ತಂಡ 5–3ರಿಂದ ಇವರನ್ನು ಸೋಲಿಸಿತು, ಅದನ್ನೂ ಡ್ರೈವರ್ ಮುಚ್ಚಿಡಲಿಲ್ಲ. 1940ರ ಮೇ 1ರಂದು ಬ್ರೆಜಿಲ್ ಅಧ್ಯಕ್ಷ ಗೆಟೂಲಿಯೊ ವರ್ಗಾಸ್ ಕನಿಷ್ಠ ಕೂಲಿಯ ಕಾನೂನು ಘೋಷಿಸಿದ್ದು ಇದೇ ಮೈದಾನದಲ್ಲಿ.

"ಆ ನಾವಿಕ ಏನು ಮಾಡಿದ ಅಂತ ನೀವು ಹೇಳಿದ್ದು ನಿಜ. ಆದರೆ ನಾನು ಈ ಅಂಗಿ ಹಾಕುವುದು ನೆಲ್ಸನ್‌ಗಾಗಿ, ಬೊಲಾಂವ್‌ಗಾಗಿ" ಅಂದರು ಡ್ರೈವರ್. ಗಾಮನನ್ನು ನಾನು ಕ್ಷಮಿಸುವುದಿಲ್ಲ, ಇವತ್ತಿಗೂ ಇಲ್ಲ. ಆದರೆ ಈ ಮನುಷ್ಯ ತೊಟ್ಟ ಅಂಗಿಯ ಬಗ್ಗೆ ನನಗೆ ಆಮೇಲೆ ಯಾವ ತಕರಾರೂ ಉಳಿಯಲಿಲ್ಲ.

ಒಳಗೆ ಮೈದಾನ ಕುದುರೆ ಲಾಳದಂತೆ, ಒಂದು ಕಡೆ ತೆರೆದಿದೆ. ಈಗ ಹಿಡಿಸುವುದು ಸುಮಾರು 21 ಸಾವಿರ ಜನರನ್ನು. ಇದೇ ಊರಿನ ಇನ್ನೊಂದು ಮೈದಾನ ಮರಕಾನ ಅದರ ಎಷ್ಟೋ ಪಟ್ಟು ದೊಡ್ಡದು, ಆದರೆ ಇಲ್ಲಿ ಆಟಗಾರ ಉಸಿರು ಬಿಡುವುದೂ ಕೇಳುತ್ತದೆ. ಬ್ರೆಜಿಲ್‌ನ ಹೆಸರಾಂತ ಆಟಗಾರ ರೊಮಾರಿಯೊನ ಪ್ರತಿಮೆ ಇದೆ, 2007ರಲ್ಲಿ ತನ್ನ ಲೆಕ್ಕದ ಸಾವಿರದ ಗೋಲನ್ನು ಅವನು ಹೊಡೆದದ್ದು ಇಲ್ಲೇ. ರೊಬೆರ್ಟೊ ಡಿನಮೈಟ್‌ನ ಪ್ರತಿಮೆಯೂ ಇದೆ. ಅದರ ಮುಂದೆ ಡ್ರೈವರ್ ಟೋಪಿ ತೆಗೆದರು. ಕ್ಲಬ್ಬಿನ ಅತಿ ಹೆಚ್ಚು ಗೋಲುಗಳ ಸರದಾರ, 2023ರ ಜನವರಿಯಲ್ಲಿ ತೀರಿಕೊಂಡ.

ಮ್ಯಾಚ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒಂದು–ಒಂದು ಸಮ. ಗ್ಯಾಲರಿಯದು ಮಾತ್ರ ಬೇರೆ ಮಾತು. ಒಬ್ಬ ಕೂಗಿ ಕೇಳುತ್ತಾನೆ, ಸಾವಿರಾರು ಜನ ಉತ್ತರ ಕೊಡುತ್ತಾರೆ, ಆಮೇಲೆ 'ಕಸಾಕಾ, ಕಸಾಕಾ' ಎಂಬ ಘೋಷ ಏರುತ್ತದೆ. ಕಾಲಡಿಯ ಕಾಂಕ್ರೀಟು ನಡುಗುತ್ತದೆ. ಎಂಜಿನ್ ರೂಮಿನಲ್ಲಿ ಬದುಕುವ ನನಗೆ ನಡುಕ ಹೊಸದಲ್ಲ, ಆದರೂ ಮೈ ಜುಮ್ಮೆಂದಿತು. ಈ ಕ್ಲಬ್ 2008ರಲ್ಲಿ ಮೊದಲ ಸಲ ಎರಡನೇ ದರ್ಜೆಗೆ ಇಳಿಯಿತು. ಆಮೇಲೆ 2013, 2015, 2020ರಲ್ಲೂ ಇಳಿಯಿತು. ಪ್ರತಿ ಸಲವೂ ಜನ ಬರುತ್ತಲೇ ಇದ್ದರು. 2023ರಲ್ಲಿ ಒಂದು ಪಂದ್ಯದ ನಂತರ ಗಲಾಟೆಯಾಗಿ, ಕೋರ್ಟು ತಿಂಗಳುಗಟ್ಟಲೆ ಇಲ್ಲಿಗೆ ಪ್ರೇಕ್ಷಕರನ್ನು ಬಿಡಲಿಲ್ಲ. ಫವೇಲಾ ಪಕ್ಕದಲ್ಲಿದೆ ಎಂಬುದೂ ಕಾರಣಗಳ ಪಟ್ಟಿಯಲ್ಲಿ ಸೇರಿತ್ತು. ಹೊರಗೆ ಕಡ್ಡಿ ಮಾರುವ ಹೆಂಗಸಿನಂಥವರಿಗೆ ಆ ತಿಂಗಳುಗಳಲ್ಲಿ ಸಂಪಾದನೆಯೇ ಹೋಯಿತು. ನೂರು ವರ್ಷದ ಹಿಂದಿನ ಆ ಹಳೆಯ ಕಾರಣಗಳೇ ಮತ್ತೆ ಬಂದವು ಅಂತ ಬರೇರಾದವರು ಸಿಟ್ಟಾಗಿದ್ದು ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಬಿಡುವಿನಲ್ಲಿ ಡ್ರೈವರ್ ದಕ್ಷಿಣ ಅಮೆರಿಕದ ಕ್ಲಬ್‌ಗಳು ಆಡುತ್ತಿದ್ದ ಮೆರ್ಕೊಸುಲ್ ಕಪ್ಪಿನ 2000ದ ಫೈನಲ್ ಕಥೆ ಹೇಳಿದರು. ಪಾಲ್ಮೇರಾಸ್ ತಂಡದ ಸ್ವಂತ ಮೈದಾನ. ಅರ್ಧ ಆಟಕ್ಕೆ ವಾಸ್ಕೋ 0–3 ಹಿಂದೆ. ಆಮೇಲೆ ಒಬ್ಬ ಆಟಗಾರ ಕೆಂಪು ಕಾರ್ಡ್ ತಿಂದು ಹೊರಗೆ ಹೋದ. ಆದರೂ ಕೊನೆಗೆ 4–3, ಅದರಲ್ಲಿ ಮೂರು ರೊಮಾರಿಯೊನವು. ಒಂದೊಂದು ಗೋಲಿಗೂ ಒಂದೊಂದು ಬೆರಳು ಮಡಚಿದರು. ನಾಲ್ಕನೆಯದಕ್ಕೆ ಬೋಸನ್ನರ ಬೆನ್ನಿಗೆ ಗುದ್ದಿದರು.

ನಮ್ಮ ಮುಂದಿನ ಬಂದರು ಸಾಂತೋಸ್. ಅಲ್ಲಿ ಸರಕಿನ ಲೆಕ್ಕಕ್ಕೆ ಡೆಕ್ಕಿಗೆ ಬಂದ ಟ್ಯಾಲಿ ಗುಮಾಸ್ತ ಬೋಸನ್ನರ ಹೊಸ ಕಪ್ಪು ಅಂಗಿ ನೋಡಿದವನೇ, "ಆ ಮೈದಾನದಲ್ಲಿ ಮೊದಲ ಮ್ಯಾಚ್ ಗೆದ್ದದ್ದು ನಾವು, 5–3" ಅಂದ. ಬೋಸನ್ ಬಿಡಲಿಲ್ಲ. ಪಾಲ್ಮೇರಾಸ್ ಸೋತ ಕಥೆ ತೆಗೆದರು, ಬೆರಳು ಮಡಚಿ ಮಡಚಿ. ಪಾಲ್ಮೇರಾಸ್ ಅವರಿಗೂ ಎದುರಾಳಿ, ಅದು ಸೋತಿದ್ದು ಅಂದರೆ ಸಾಂತೋಸಿನವರಿಗೂ ಖುಷಿಯೇ. ಅವನು ಪುಸ್ತಕ ಮುಚ್ಚಿ ಹ್ಯಾಚ್ ಕವರ್ ಮೇಲೆ ಕೂತು, ಮೊದಲಿಂದ ಇನ್ನೊಂದು ಸಲ ಹೇಳಿಸಿಕೊಂಡ.