ಅಕ್ರಾದಲ್ಲಿ ಎನ್‌ಜೀಮಾ ವಾರ್ತೆ

2019ರ ಆಗಸ್ಟ್‌ನಲ್ಲಿ ಹದಿನೈದು ದಿನ ಘಾನಾದಲ್ಲಿದ್ದೆ. ಭಾವ ಟೆಮಾ ಬಂದರಿನ ಹತ್ತಿರ ಕೆಲಸದಲ್ಲಿದ್ದಾರೆ, ಅಕ್ಕ ಎಷ್ಟೋ ವರ್ಷದಿಂದ ಕರೆಯುತ್ತಲೇ ಇದ್ದಳು. ವಿಮಾನ ಇಳಿದ ನಿಲ್ದಾಣದ ಹೆಸರು ಕೊಟೊಕಾ. ಯಾರು ಭಾವ ಈ ಕೊಟೊಕಾ ಅಂತ ಕಾರಿನಲ್ಲೇ ಕೇಳಿದೆ. 1966ರ ಫೆಬ್ರವರಿ 24ರ ಬೆಳಿಗ್ಗೆ, ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಅವರ ಸರ್ಕಾರವನ್ನು ಉರುಳಿಸಿದ್ದೇವೆ ಎಂದು ರೇಡಿಯೊದಲ್ಲಿ ಹೇಳಿದ ಸೇನಾಧಿಕಾರಿಯಂತೆ. ಮರುವರ್ಷ ಇನ್ನೊಂದು ದಂಗೆಯಲ್ಲಿ ಅವನೂ ಸತ್ತ.

ಎರಡು ದಿನ ಬಿಟ್ಟು ರಾಜಧಾನಿ ಅಕ್ರಾ ಸುತ್ತಲು ಹೊರಟೆ. ಟ್ರೋಟ್ರೋ ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್‌ನಂಥದ್ದು. ಬಾಗಿಲಲ್ಲಿ ನೇತಾಡುವ ಹುಡುಗನಿಗೆ ಮೇಟ್ ಅಂತಾರೆ, ಅವನು 'ಸರ್ಕ್ ಸರ್ಕ್ ಸರ್ಕ್' ಎಂದು ಕೂಗುತ್ತಾನೆ, ಅದು ಎನ್‌ಕ್ರುಮಾ ಸರ್ಕಲ್. ರಿಂಗ್ ರೋಡಿನಲ್ಲಿ ಇಳಿದು ಜಿಬಿಸಿ, ಅಂದರೆ ಸರ್ಕಾರಿ ರೇಡಿಯೊ, ಟೀವಿ ನಡೆಸುವ ಘಾನಾ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಶನ್ನಿನ ಗೇಟಿನ ಎದುರು ಸುಮ್ನೆ ನಿಂತೆ. ಒಳಗೆ ಹೋಗಲು ನನಗೆ ಯಾವ ಪರಿಚಯವೂ ಇರಲಿಲ್ಲ. ಆದರೂ ನೋಡಲೇಬೇಕಿತ್ತು.

ಯಾಕೆ ಅಂದರೆ ನಾನು ಮೈಸೂರಿನವನು. 1935ರ ಸೆಪ್ಟೆಂಬರ್ 10ರಂದು ಪ್ರೊಫೆಸರ್ ಗೋಪಾಲಸ್ವಾಮಿ ತಮ್ಮ ಮನೆಯಿಂದ ರೇಡಿಯೊ ಶುರು ಮಾಡಿದ ಕಥೆ ಕೇಳುತ್ತಲೇ ಬೆಳೆದವನು. ಅದಕ್ಕೆ ಸರಿಯಾಗಿ 41 ದಿನ ಮೊದಲು, ಜುಲೈ 31ರಂದು, ಇಲ್ಲಿ ಅಕ್ರಾದ ಒಂದು ಬಂಗಲೆಯಿಂದ ಮುಂದೆ ಜಿಬಿಸಿಯಾದ ರೇಡಿಯೊ 'ಸ್ಟೇಶನ್ ಜಡ್‌ಓವೈ' ಶುರುವಾಯಿತು. ಮೈಸೂರಲ್ಲಿ ಮೇಷ್ಟ್ರು ಮಾಡಿದ ಕೆಲಸವನ್ನು ಇಲ್ಲಿ ಬ್ರಿಟಿಷ್ ಗವರ್ನರ್ ಆರ್ನಾಲ್ಡ್ ಹಾಡ್ಸನ್ ಮಾಡಿದ. ಸುಮಾರು 300 ಮನೆಗಳಿಗೆ ತಂತಿ ಎಳೆದು ಪೆಟ್ಟಿಗೆ ಕೊಟ್ಟಿದ್ದರು. ಬಂದದ್ದನ್ನು ಕೇಳಬೇಕು, ಬೇರೆ ಸ್ಟೇಶನ್ ಹುಡುಕುವಂತಿಲ್ಲ.

ಆ ತಂತಿಯ ಗುಣ ಆಮೇಲೂ ಬಹಳ ಕಾಲ ಉಳಿಯಿತು ಅನಿಸುತ್ತದೆ ನನಗೆ. 1965ರ ಜುಲೈ 31ಕ್ಕೆ, ಅದೇ ತಾರೀಖಿಗೆ, ಎನ್‌ಕ್ರುಮಾ ಟೀವಿ ಉದ್ಘಾಟಿಸಿದರು. ಇದು ಜನರಿಗೆ ಶಿಕ್ಷಣ ಕೊಡಲಿಕ್ಕೆ, ಅಗ್ಗದ ಮನರಂಜನೆಗಲ್ಲ ಎಂಬುದು ಅವರ ಮಾತು. ಆಸೆ ದೊಡ್ಡದೇ. ಆದರೆ ಏಳು ತಿಂಗಳಾಗುವುದರೊಳಗೆ ಅವರ ಪದವಿ ಹೋದ ಸುದ್ದಿಯನ್ನು ಅವರದೇ ರೇಡಿಯೊ ಹೇಳಿತು. 1979ರಲ್ಲಿ, 1981ರಲ್ಲಿ ದಂಗೆ ಎದ್ದ ಸೇನಾಧಿಕಾರಿ ರಾಲಿಂಗ್ಸ್ ಕೂಡ ಮೊದಲು ಹೋದದ್ದು ಮೈಕಿನ ಮುಂದಕ್ಕೇ. ಗದ್ದುಗೆ ಯಾರದೋ, ಟೀವಿಯೂ ಅವರದೇ. ಭಿನ್ನಾಭಿಪ್ರಾಯಕ್ಕೂ ಸರ್ಕಾರಿ ಮಾಧ್ಯಮ ಜಾಗ ಕೊಡಬೇಕು ಎಂದು 1992ರ ಸಂವಿಧಾನದ 163ನೇ ವಿಧಿಯಲ್ಲೇ ಬರೆದರು. ಅಷ್ಟಾದರೂ 1994ರಲ್ಲಿ ಲೈಸೆನ್ಸ್ ಇಲ್ಲದೆ ಶುರುವಾದ ರೇಡಿಯೊ ಐ ಎಂಬ ಖಾಸಗಿ ಸ್ಟೇಶನ್ನನ್ನು ಮುಚ್ಚಿಸಿದರು. ಮರುವರ್ಷದಿಂದ ಖಾಸಗಿ ಎಫ್‌ಎಂಗಳು ಬಂದವು.

ಈಗ ಚಾನೆಲ್‌ಗಳಿಗೆ ಬರವಿಲ್ಲ. ಅಕ್ಕನ ಮನೆಗೆ ಅಡುಗೆಗೆ ಬರುವ ಹೆಂಗಸು ಖಾಸಗಿ ಚಾನೆಲ್ಲೊಂದರಲ್ಲಿ ಟ್ವಿ ಭಾಷೆಗೆ ಡಬ್ ಆದ ನಮ್ಮ ಹಿಂದಿ ಧಾರಾವಾಹಿ 'ಕುಂಕುಮ ಭಾಗ್ಯ'ವನ್ನು ಆಗ ಒಂದು ದಿನವೂ ಬಿಡುತ್ತಿರಲಿಲ್ಲ. ಸರ್ಕಾರಿ ಟೀವಿಗೆಂದು ಆಗ ಒಂದು ಟೀವಿ ಇರುವ ಮನೆಗೆ ವರ್ಷಕ್ಕೆ 36 ಸೆಡಿ (ಅಲ್ಲಿನ ಹಣ) ಲೈಸೆನ್ಸ್ ಶುಲ್ಕ ಇತ್ತು. ನಾವು ನೋಡದ್ದಕ್ಕೆ ಯಾಕೆ ಕೊಡಬೇಕು ಅಂತ ಅವಳ ವಾದ. ನನಗೂ ಸರಿ ಅನಿಸಿತ್ತು, ವಾಚ್‌ಮನ್ ಅಜ್ಜನ ಜೊತೆ ಕೂರುವವರೆಗೆ.

ಅಜ್ಜ ದೇಶದ ಪಶ್ಚಿಮದ ತುದಿಯವರು. ಮಾತೃಭಾಷೆ ಎನ್‌ಜೀಮಾ, ಎನ್‌ಕ್ರುಮಾ ಅವರದೂ ಅದೇ. ಗೇಟಿನ ಪಕ್ಕದ ಕೋಣೆಯಲ್ಲಿ ಒಂದು ಪುಟ್ಟ ಟೀವಿ, ಆ್ಯಂಟೆನಾಗೆ ತಂತಿ ಸುತ್ತಿತ್ತು. ಒಂದು ಸಂಜೆ ಎಲೆಯಲ್ಲಿ ಕಟ್ಟಿದ ವಾಚೆ, ಅಂದರೆ ಅಲಸಂದೆ ಹಾಕಿ ಬೇಯಿಸಿದ ಅನ್ನ, ಬಿಚ್ಚಿಟ್ಟುಕೊಂಡು ಕೂತಿದ್ದರು. ಎನ್‌ಜೀಮಾ ವಾರ್ತೆ ಶುರುವಾಯಿತು. ಅಜ್ಜನ ಕೈ ಅನ್ನದ ಮೇಲೇ ನಿಂತಿತು. ವಾರ್ತೆ ಓದುವವರು ಒಂದು ವಾಕ್ಯ ಮುಗಿಸಿದಾಗಲೆಲ್ಲ ಇವರು 'ಹ್ಞೂಂ' ಅನ್ನುತ್ತಿದ್ದರು, ಎದುರು ಕೂತವರಿಗೆ ಹೇಳುವ ಹಾಗೆ.

ಅಕಾನ್, ಗಾ, ಎವೆ, ಎನ್‌ಜೀಮಾ, ದಗ್ಬಾನಿ, ಹೌಸಾ, ಈ ಆರು ಭಾಷೆಗಳಲ್ಲಿ ಜಿಬಿಸಿ ವಾರ್ತೆ ಕೊಡುತ್ತದೆ. ಅಕಾನ್‌ನ ಒಂದು ರೂಪವಾದ ಟ್ವಿಯಲ್ಲಿ ಜಾಹೀರಾತು ಸಿಗುತ್ತದೆ, ಖಾಸಗಿಯವರು ಬರುತ್ತಾರೆ. ಎನ್‌ಜೀಮಾಗೆ ಯಾರು ಬರುತ್ತಾರೆ? ಆ ಟೀವಿ ಸರ್ಕಾರದ ಹಿಡಿತದಿಂದ ಬಿಡಿಸಿಕೊಳ್ಳಲಿ, ಆದರೆ ಮುಚ್ಚಬಾರದು ಅಂತ ಅವತ್ತು ಗಟ್ಟಿಯಾಗಿ ಅನಿಸಿತು.

ವಾರ್ತೆ ಅರ್ಧದಲ್ಲಿರುವಾಗ ಕರೆಂಟ್ ಹೋಯಿತು. ಇದಕ್ಕೆ ಅಲ್ಲಿ 'ದುಮ್ಸೊ' ಅಂತ ಒಂದು ಪದವೇ ಇದೆ, ಆರುವುದು ಹೊತ್ತುವುದು ಅಂತ ಅರ್ಥ. ಕತ್ತಲಲ್ಲೇ ಅಜ್ಜ ಕೇಳಿದರು, "ನಿಮ್ಮ ಭಾಷೆಯಲ್ಲೂ ವಾರ್ತೆ ಬರುತ್ತಾ?" ಪ್ರದೇಶ ಸಮಾಚಾರದ ಬಗ್ಗೆ ಹೇಳಿದೆ. ಮಂಗಳೂರು ಆಕಾಶವಾಣಿಯ ತುಳು, ಮಡಿಕೇರಿಯ ಕೊಡವ ಕಾರ್ಯಕ್ರಮಗಳನ್ನೂ ಹೇಳಿದೆ. ಅವರು ಬ್ಯಾಟರಿ ರೇಡಿಯೊಗಾಗಿ ತಡಕಾಡುತ್ತಾ, "ತುಳು ಮಾತಾಡುವವರು ಎಷ್ಟು ಜನ, ನಮ್ಮಷ್ಟಿದ್ದಾರಾ?" ಅಂದರು.